ಪಾಠ ಹೋಗುವ ದಾರಿ, ಉತ್ತರ ಬರುವ ದಾರಿ: ಕೋವಿಡ್ ಕಾಲದಲ್ಲಿ ನಮ್ಮ ಪ್ರೌಢಶಾಲೆಗಳು ಕಲಿಸಿದ ಬಗೆ

2020ರ ಮಾರ್ಚ್ 27ರಂದು ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗಬೇಕಿತ್ತು. ಪಾಠವೆಲ್ಲ ಮುಗಿದು, ಪೂರ್ವಸಿದ್ಧತಾ ಪರೀಕ್ಷೆಯೂ ಆಗಿ, ಮಕ್ಕಳು ದಿನ ಎಣಿಸುತ್ತಿದ್ದಾಗ ಶಾಲೆಗಳ ಬಾಗಿಲು ಮುಚ್ಚಿತು. ಪರೀಕ್ಷೆ ನಡೆದದ್ದು ಜೂನ್ 25ರಿಂದ. ನೋಂದಾಯಿಸಿದ್ದ ಸುಮಾರು 8.48 ಲಕ್ಷ ಮಕ್ಕಳಿಗೆ ಆ ಮೂರು ತಿಂಗಳು ಹೊಸ ಪಾಠ ಬೇಕಿರಲಿಲ್ಲ, ಓದಿದ್ದು ಮರೆಯದಿದ್ದರೆ ಸಾಕಿತ್ತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪುನರ್ಮನನ ಪಾಠ ಬಂತು. ಶಿಕ್ಷಕರು ವಾಟ್ಸ್ಆ್ಯಪ್ ಗುಂಪು ಮಾಡಿ ಹಳೆಯ ಪ್ರಶ್ನೆಪತ್ರಿಕೆ ಕಳಿಸಿದರು. ಅಷ್ಟರಲ್ಲಿ ಹೇಗೋ ನಡೆದುಹೋಯಿತು. ನಿಜವಾದ ಕಷ್ಟ ಎದುರಾದದ್ದು ಅದರ ನಂತರದ ಬ್ಯಾಚಿಗೆ, ಒಂದು ದಿನವೂ ತರಗತಿಯಲ್ಲಿ ಕೂರದೆ ಹತ್ತನೇ ತರಗತಿಯ ಪಾಠ ಶುರು ಮಾಡಬೇಕಾದ ಮಕ್ಕಳಿಗೆ.

ಆ ಕಾಲದ ಆನ್‌ಲೈನ್ ಪಾಠದ ಬಗ್ಗೆ ಮಾತು ಬಂದಾಗಲೆಲ್ಲ ಮೊಬೈಲು, ನೆಟ್‌ವರ್ಕು, ಆ್ಯಪು ಎಂದೇ ಚರ್ಚೆ ಮುಗಿಯುತ್ತದೆ. ಅವು ಅರ್ಧ ವಿಷಯ ಮಾತ್ರ. ತರಗತಿಯಲ್ಲಿ ಎರಡು ದಾರಿಗಳಿರುತ್ತವೆ. ಒಂದು, ಮೇಷ್ಟ್ರಿಂದ ಮಕ್ಕಳಿಗೆ ಪಾಠ ಹೋಗುವ ದಾರಿ. ಇನ್ನೊಂದು, ಮಕ್ಕಳಿಂದ ಮೇಷ್ಟ್ರಿಗೆ ಮರಳುವ ದಾರಿ: ಅರ್ಥವಾಗದ ಮುಖ, ಅರ್ಧಕ್ಕೆ ನಿಂತ ಪೆನ್ನು, ಬೆಂಚುಗಳ ನಡುವೆ ನಡೆಯುವಾಗ ಕಣ್ಣಿಗೆ ಬೀಳುವ ತಪ್ಪು ಹೆಜ್ಜೆ. ಮೊದಲನೆಯ ದಾರಿಯನ್ನು ಶಾಲೆಗಳು ನಾಲ್ಕೈದು ತಿಂಗಳಲ್ಲಿ ಹೇಗೋ ಕಟ್ಟಿಕೊಂಡವು. ಎರಡನೆಯದನ್ನು ಕಟ್ಟಿಕೊಂಡ ಶಾಲೆಗಳಲ್ಲಿ ಮಕ್ಕಳು ಕಲಿತರು, ಕಟ್ಟಿಕೊಳ್ಳದ ಕಡೆ ಪಾಠ ಪ್ರಸಾರವಾಯಿತು ಅಷ್ಟೇ. ಸರ್ಕಾರಿಯೋ ಖಾಸಗಿಯೋ ಎಂಬುದಕ್ಕಿಂತ ಈ ವ್ಯತ್ಯಾಸವೇ ದೊಡ್ಡದಾಗಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಒಂದು ಫೋನು, ಒಂದೂವರೆ ಜಿಬಿ

2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದದ್ದು ಶೇ 14.9ರಷ್ಟಕ್ಕೆ. ನಗರಗಳಲ್ಲಿ ಶೇ 42. ಗ್ರಾಮೀಣ ಮಕ್ಕಳ ಶಿಕ್ಷಣದ ಸ್ಥಿತಿಗತಿ ಅಳೆಯುವ ಅಸರ್ ಸಮೀಕ್ಷೆ ನೋಡಿದರೆ, ಶಾಲೆಗೆ ಹೋಗುವ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಪ್ರಮಾಣ 2018ರಲ್ಲಿ ಶೇ 36.5 ಇದ್ದದ್ದು 2020ರಲ್ಲಿ ಶೇ 61.8ಕ್ಕೆ ಏರಿತು. ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಫೋನು ತಂದಿದ್ದಾರೆ. ಆದರೆ ಮನೆಯಲ್ಲಿ ಫೋನು ಇರುವುದೇ ಬೇರೆ, ಬೆಳಗಿನ ಹತ್ತು ಗಂಟೆಗೆ ಅದು ಮಗುವಿನ ಕೈಯಲ್ಲಿರುವುದೇ ಬೇರೆ.

ಲೆಕ್ಕ ಹಾಕಿ ನೋಡೋಣ. 2020ರ ಜುಲೈ 14ರಂದು ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಆನ್‌ಲೈನ್ ಪಾಠಕ್ಕೆಂದು ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ, ಒಂಬತ್ತರಿಂದ ಹನ್ನೆರಡಕ್ಕೆ ಅಂಥವೇ ನಾಲ್ಕು ಅವಧಿ ಮೀರಬಾರದು ಎಂದಿತು. ಹತ್ತನೇ ತರಗತಿಯ ಹುಡುಗಿಗೆ ನಾಲ್ಕು ಅವಧಿ ಎಂದರೆ ಮೂರು ಗಂಟೆ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ವಿಡಿಯೊ ಓಡಿದರೆ ಗಂಟೆಗೆ 450 ಎಂಬಿ ಖರ್ಚಾಗುತ್ತದೆ, ಮೂರು ಗಂಟೆಗೆ 1,350 ಎಂಬಿ. ಆಗ ಹೆಚ್ಚಿನವರು ಹಾಕಿಸುತ್ತಿದ್ದದ್ದು ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು. ಅಕ್ಕನ ಪಾಠ ಮುಗಿಯುವಷ್ಟರಲ್ಲಿ ಎಂಟನೇ ತರಗತಿಯ ತಮ್ಮನಿಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಮೇಷ್ಟ್ರ ಪಾಡೂ ಅದೇ: ಮೂರು ವಿಭಾಗಕ್ಕೆ ಪಾಠ ಮಾಡುವವರ ಡೇಟಾ ಮಧ್ಯಾಹ್ನಕ್ಕೇ ಖಾಲಿ.

ಹೊತ್ತಿನ ಸಮಸ್ಯೆ ಇನ್ನೂ ದೊಡ್ಡದು. ಫೋನು ಅಪ್ಪನದು. ಅಪ್ಪ ಗಾರೆ ಕೆಲಸಕ್ಕೋ ಆಟೊ ಓಡಿಸಲೋ ಬೆಳಿಗ್ಗೆ ಹೋದರೆ ಫೋನೂ ಜೊತೆಗೇ ಹೋಗುತ್ತದೆ. ‘ಸಾರ್, ಅಪ್ಪ ಇನ್ನೂ ಬಂದಿಲ್ಲ’ ಎಂಬ ಮಾತು ಹಲವು ಶಾಲೆಗಳ ವೇಳಾಪಟ್ಟಿಯನ್ನೇ ಬದಲಿಸಿತು. ಬೆಳಗಿನ ನೇರ ತರಗತಿ ಬಿಟ್ಟು, ಹಗಲಿನಲ್ಲಿ ಪಾಠ ಧ್ವನಿಮುದ್ರಿಸಿ ಸಂಜೆ ಆರರೊಳಗೆ ಗುಂಪಿಗೆ ಹಾಕಿ, ಏಳರಿಂದ ಎಂಟೂವರೆವರೆಗೆ ಪ್ರಶ್ನೆಗಳಿಗೆ ಉತ್ತರಿಸುವ ಪದ್ಧತಿಗೆ ಅವು ಹೊರಳಿದವು. ಹಾಜರಿ ಏರಿದ್ದಕ್ಕೆ ಕಾರಣ ಆ್ಯಪ್ ಬದಲಾದದ್ದಲ್ಲ, ಹೊತ್ತು ಬದಲಾದದ್ದು. ಮನೆಯಲ್ಲಿ ಅಣ್ಣ ತಂಗಿ ಇಬ್ಬರಿದ್ದರೆ ಫೋನು ಅಣ್ಣನ ಕೈಗೆ ಹೋಗುವುದನ್ನು ಮಾತ್ರ ವೇಳಾಪಟ್ಟಿಯಿಂದ ಸರಿಪಡಿಸಲಾಗಲಿಲ್ಲ. ಅದಕ್ಕೆ ಶಿಕ್ಷಕಿಯರೇ ತಾಯಂದಿರಿಗೆ ಕರೆ ಮಾಡಿ ಮಾತಾಡಬೇಕಾಯಿತು.

ಮಲೆನಾಡು, ಕರಾವಳಿಯ ಕಾಡಂಚಿನ ಊರುಗಳಲ್ಲಿ ಫೋನಿದ್ದರೂ ಸಿಗ್ನಲ್ ಇಲ್ಲ. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುರಿಯುವ ಮಳೆಗೆ ರಸ್ತೆಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ 2021ರ ಜೂನ್‌ನ ಚಿತ್ರವನ್ನು ನಾಡೆಲ್ಲ ನೋಡಿತು. ಅಂಥ ಊರುಗಳಿಗೆ ನೇರ ತರಗತಿ ಹೊಂದುವುದೇ ಇಲ್ಲ. ಗುಡ್ಡ ಹತ್ತಿ ಹತ್ತು ನಿಮಿಷದಲ್ಲಿ ಇಳಿಸಿಕೊಂಡು, ಮನೆಗೆ ಬಂದು ನೋಡುವಂಥ ಪಾಠ ಬೇಕು.

ಮಕ್ಕಳನ್ನು ಫೋನಿನ ಪ್ರಕಾರ ವಿಂಗಡಿಸಿದ್ದು

2020ರ ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಯೋಜನೆ ಈ ವಾಸ್ತವವನ್ನು ಒಪ್ಪಿಕೊಂಡೇ ಹೊರಟಿತು. ಮಕ್ಕಳನ್ನು ಮೂರು ಕಲ್ಪಿತ ಕೊಠಡಿಗಳಾಗಿ ವಿಂಗಡಿಸಲಾಯಿತು: ಯಾವ ಸಾಧನವೂ ಇಲ್ಲದವರು, ಕೀಪ್ಯಾಡ್ ಫೋನ್ ಮಾತ್ರ ಇರುವವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಅಥವಾ ಕಂಪ್ಯೂಟರ್ ಇರುವವರು. ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೊಬ್ಬ ಮಾರ್ಗದರ್ಶಿ ಶಿಕ್ಷಕರು. ದೇವಸ್ಥಾನದ ಪ್ರಾಂಗಣ, ಸಮುದಾಯ ಭವನ, ಅರಳಿಕಟ್ಟೆ, ಮನೆಯ ಜಗಲಿ ಹೀಗೆ ಮಕ್ಕಳಿದ್ದ ಕಡೆಗೇ ಶಿಕ್ಷಕರು ಹೋದರು. ಜನ ಇದನ್ನು ವಠಾರ ಶಾಲೆ ಎಂದೇ ಕರೆದರು.

ಈ ವಿಂಗಡಣೆಯ ಒಳ್ಳೆಯತನ ಇರುವುದು ಸೌಲಭ್ಯವಿಲ್ಲದ ಮಗುವಿಗೆ ಮೊದಲ ಜಾಗ ಕೊಟ್ಟದ್ದರಲ್ಲಿ. ಸ್ಮಾರ್ಟ್‌ಫೋನ್ ಇದ್ದವರಿಗೆ ವಿಡಿಯೊ ಹೇಗೂ ತಲುಪುತ್ತದೆ. ಕೀಪ್ಯಾಡ್ ಫೋನಿನವರಿಗೆ ಕರೆ ಮಾಡಿ ಪುಟಸಂಖ್ಯೆ ಹೇಳಿ, ಎರಡು ಪ್ರಶ್ನೆ ಕೇಳಿ, ಬಾಯಲ್ಲೇ ಉತ್ತರ ಪಡೆಯಬಹುದು. ಮಗುವೊಂದಕ್ಕೆ ಐದು ನಿಮಿಷದಂತೆ ಎಂಟು ಮಕ್ಕಳಿಗೆ ನಲವತ್ತು ನಿಮಿಷ, ಅಂದರೆ ಒಂದು ಪೀರಿಯಡ್. ಏನೂ ಇಲ್ಲದವರ ಬಳಿಗೆ ಖುದ್ದು ಹೋಗಬೇಕು, ಹಾಳೆ ಕೊಟ್ಟು ಬರಬೇಕು, ಮುಂದಿನ ವಾರ ಹೋದಾಗ ನೋಡಬೇಕು. ಮರಳುವ ದಾರಿ ಇಲ್ಲಿ ಶಿಕ್ಷಕರ ಕಾಲ್ನಡಿಗೆಯೇ.

ಎಡವಿದ್ದು ಎಲ್ಲಿ? ಜಗಲಿಯಲ್ಲಿ ಅಂತರ ಕಾಯುವುದು ಶಾಲೆಯ ಕೊಠಡಿಗಿಂತ ಕಷ್ಟ. ನೀರು, ಶೌಚಾಲಯ, ಮಳೆ ಬಂದರೆ ನೆರಳು, ಯಾವುದೂ ಶಿಕ್ಷಕರ ಕೈಯಲ್ಲಿರಲಿಲ್ಲ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತಾಗ ಕನ್ನಡ ಮೇಷ್ಟ್ರು ಗಣಿತವನ್ನೂ ನೋಡಬೇಕಾಯಿತು. ಸೋಂಕಿನ ಸುದ್ದಿಗಳು ಹೆಚ್ಚಿದ ಮೇಲೆ ಅಕ್ಟೋಬರ್‌ನಲ್ಲಿ ಯೋಜನೆ ನಿಂತಿತು. 2021ರ ಜನವರಿ 1ರಂದು ಆರರಿಂದ ಒಂಬತ್ತನೇ ತರಗತಿಯವರಿಗೆ ಶಾಲೆಯ ಆವರಣದಲ್ಲೇ ಮತ್ತೆ ಶುರುವಾಯಿತು. ಅದೇ ದಿನ ಹತ್ತನೇ ತರಗತಿಯವರು ಕೊಠಡಿಗೆ ಮರಳಿದರು.

ಇದರ ಪಕ್ಕದಲ್ಲೇ ಟಿವಿ ಪಾಠ ನಡೆದಿತ್ತು. 2020ರ ಜುಲೈ 20ರಿಂದ ಪ್ರೌಢಶಾಲೆಯವರಿಗೆ ಚಂದನದಲ್ಲಿ ‘ಸಂವೇದ’ ಪಾಠಗಳು ಹಿಂದಿನ ತರಗತಿಯ ಕಲಿಕೆಯನ್ನು ಜೋಡಿಸುವ ಸೇತುಬಂಧದಿಂದ ಆರಂಭವಾದವು. ಟಿವಿಗೆ ಡೇಟಾ ಬೇಡ, ಮನೆಮಂದಿಯೆಲ್ಲ ನೋಡಬಹುದು. ಆದರೆ ಅದನ್ನು ನಿಲ್ಲಿಸಿ ಕೇಳುವ ಹಾಗಿಲ್ಲ, ಕರೆಂಟು ಹೋದರೆ ಆ ದಿನದ ಪಾಠ ಹೋದಂತೆ. ಅದಕ್ಕೆ ಜಾಣ ಶಿಕ್ಷಕರು ಹಿಂದಿನ ರಾತ್ರಿಯೇ ಗುಂಪಿನಲ್ಲಿ ಮೂರು ಪ್ರಶ್ನೆ ಹಾಕುತ್ತಿದ್ದರು: ನಾಳೆಯ ಪಾಠದಲ್ಲಿ ಇವುಗಳ ಉತ್ತರ ಹುಡುಕಿ ಬರೆಯಿರಿ ಎಂದು. ಪ್ರಶ್ನೆ ಕೈಯಲ್ಲಿ ಹಿಡಿದು ಟಿವಿ ಮುಂದೆ ಕೂತ ಮಗು ಪೆನ್ನು ಹಿಡಿದೇ ಕೂರುತ್ತದೆ.

ಪಾಠವನ್ನು ತುಂಡು ಮಾಡುವುದು

ನಲವತ್ತು ನಿಮಿಷದ ಪಾಠವನ್ನು ಹಾಗೇ ಚಿತ್ರೀಕರಿಸಿದರೆ ಯಾರೂ ಪೂರ್ತಿ ನೋಡುವುದಿಲ್ಲ. ಆಗ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊಗೆ 16 ಎಂಬಿಯ ಮಿತಿಯೂ ಇತ್ತು. ಆ ಮಿತಿ ಒಂದು ರೀತಿಯಲ್ಲಿ ಒಳ್ಳೆಯದನ್ನೇ ಮಾಡಿತು ಅನ್ನಬೇಕು. ಐದು ನಿಮಿಷಕ್ಕೆ ಒಂದೇ ಅಂಶ ಎಂಬ ಶಿಸ್ತು ಬಂತು. ‘ಆಮ್ಲ, ಪ್ರತ್ಯಾಮ್ಲ’ದ ಪಾಠವಾದರೆ ಸೂಚಕಗಳಿಗೊಂದು ತುಂಡು, ಲೋಹದೊಡನೆ ವರ್ತನೆಗೊಂದು, ತಟಸ್ಥೀಕರಣಕ್ಕೊಂದು. ಪ್ರತಿ ತುಂಡಿನ ಕೊನೆಗೆ ನೋಟ್‌ಬುಕ್‌ನಲ್ಲಿ ಬರೆಯಬೇಕಾದ ಒಂದು ಪ್ರಶ್ನೆ. ಬರೀ ವಿವರಣೆಯಾದರೆ ವಿಡಿಯೊ ಕೂಡ ಬೇಡ. ಐದು ನಿಮಿಷದ ಧ್ವನಿ ಸಂದೇಶ ಒಂದು ಎಂಬಿ ಆಸುಪಾಸಿನಲ್ಲೇ ಮುಗಿಯುತ್ತದೆ. ಪಠ್ಯಪುಸ್ತಕದ 42ನೇ ಪುಟ ತೆರೆಯಿರಿ, ಎರಡನೇ ಚಿತ್ರ ನೋಡಿ ಎಂದು ಧ್ವನಿಯಲ್ಲಿ ಹೇಳಿದರೆ, ಮಗುವಿನ ಮುಂದಿರುವ ಪುಸ್ತಕವೇ ಪರದೆ.

ಚಿತ್ರೀಕರಣಕ್ಕೆ ಸ್ಟುಡಿಯೊ ಬೇಕಿಲ್ಲ. ಮೇಜಿನ ಮೇಲೆ ಪುಸ್ತಕಗಳ ಎರಡು ರಾಶಿ, ಪ್ರತಿಯೊಂದೂ ಸುಮಾರು ಒಂದಡಿ ಎತ್ತರ. ಅವುಗಳ ಮೇಲೆ ಅಡ್ಡಲಾಗಿ ಎರಡು ಗಟ್ಟಿ ಸ್ಕೇಲು, ಅದರ ಮೇಲೆ ಕ್ಯಾಮೆರಾ ಕೆಳಮುಖವಾಗಿರುವಂತೆ ಫೋನು. ಕೆಳಗೆ ಬಿಳಿ ಹಾಳೆ, ಕಪ್ಪು ಸ್ಕೆಚ್ ಪೆನ್ನು, ಅಕ್ಷರ ಮಾಮೂಲಿಗಿಂತ ದುಪ್ಪಟ್ಟು ದೊಡ್ಡದು. ಬೆಳಕು ಎಡಗಡೆಯ ಕಿಟಕಿಯಿಂದ ಬರಬೇಕು, ಬಲಗೈಯಲ್ಲಿ ಬರೆಯುವವರ ಕೈನೆರಳು ಆಗ ಅಕ್ಷರದ ಮೇಲೆ ಬೀಳುವುದಿಲ್ಲ. ಫ್ಯಾನ್ ಆರಿಸಬೇಕು, ಇಲ್ಲವಾದರೆ ಧ್ವನಿಯಲ್ಲಿ ಗಾಳಿಯ ಸದ್ದೇ ತುಂಬುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕದೆ ಶುರು ಮಾಡಿದರೆ ನಾಲ್ಕನೇ ನಿಮಿಷಕ್ಕೆ ಯಾರದೋ ಕರೆ ಬಂದು ಎಲ್ಲ ಮೊದಲಿಂದ ಆಗಬೇಕು. ಕರಿಹಲಗೆಯ ಮುಂದೆ ನಿಂತು ತೆಗೆದ ವಿಡಿಯೊಗಳು ಸೋತದ್ದು ಸಹ ಇಲ್ಲಿಯೇ: ಐದಿಂಚಿನ ಪರದೆಯಲ್ಲಿ ಹಲಗೆಯ ಅಕ್ಷರ ಇರುವೆಯಂತೆ ಕಾಣುತ್ತದೆ.

ಗುಂಪು ನಡೆಸುವುದಕ್ಕೂ ಶಿಸ್ತು ಬೇಕಾಯಿತು. ಎಲ್ಲ ವಿಷಯಕ್ಕೂ ಒಂದೇ ಗುಂಪು ಮಾಡಿದ ಶಾಲೆಗಳಲ್ಲಿ ‘ಗುಡ್ ಮಾರ್ನಿಂಗ್ ಸಾರ್’ಗಳ ನಡುವೆ ಪಾಠವೇ ಕಳೆದುಹೋಗುತ್ತಿತ್ತು. ಪಾಠ ಹಾಕಲು ಅಡ್ಮಿನ್‌ಗಳು ಮಾತ್ರ ಬರೆಯಬಲ್ಲ ಒಂದು ಗುಂಪು, ಉತ್ತರ ಮತ್ತು ಸಂದೇಹಕ್ಕೆ ಬೇರೊಂದು ಗುಂಪು ಎಂದು ಒಡೆದಾಗ ಸಮಸ್ಯೆ ಬಗೆಹರಿಯಿತು. ಪ್ರತಿ ಪಾಠದ ಮೇಲೂ ದಿನಾಂಕ, ವಿಷಯ, ಅಧ್ಯಾಯ, ತುಂಡಿನ ಸಂಖ್ಯೆ. ವಾರದ ನಂತರ ಫೋನು ಸಿಕ್ಕ ಮಗು ಹುಡುಕಬೇಕಲ್ಲ.

ನೋಟ್‌ಬುಕ್ ತಿದ್ದುವುದು ಹೇಗೆ?

ಇಲ್ಲಿಗೆ ಬಂದಾಗಲೇ ಹೆಚ್ಚಿನ ಶಾಲೆಗಳು ಏದುಸಿರು ಬಿಟ್ಟದ್ದು. ಅರವತ್ತು ಮಕ್ಕಳು ನಾಲ್ಕು ಪುಟದಂತೆ ಫೋಟೊ ಕಳಿಸಿದರೆ ಒಂದು ದಿನಕ್ಕೆ 240 ಚಿತ್ರ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಪೆನ್ಸಿಲ್‌ನಲ್ಲಿ ಬರೆದದ್ದು ಓದಲಾಗುವುದಿಲ್ಲ. ರಾತ್ರಿ ಬಲ್ಬಿನ ಕೆಳಗೆ ತೆಗೆದ ಫೋಟೊದಲ್ಲಿ ಫೋನಿನ ನೆರಳೇ ಪುಟದ ಮೇಲೆ. ಪರಿಹಾರ ಸರಳ, ಆದರೆ ಹೇಳಿಕೊಡಬೇಕಿತ್ತು: ಪೆನ್ನಲ್ಲೇ ಬರೆಯಿರಿ, ಹಗಲು ಬೆಳಕಿನಲ್ಲಿ ಬಾಗಿಲ ಬಳಿ ಇಟ್ಟು ತೆಗೆಯಿರಿ, ಪುಟದ ನಾಲ್ಕೂ ಮೂಲೆ ಚಿತ್ರದೊಳಗೆ ಬರಲಿ, ಮೇಲ್ತುದಿಯಲ್ಲಿ ಹೆಸರು ಮತ್ತು ಕ್ರಮಸಂಖ್ಯೆ ಇರಲಿ, ಚಿತ್ರವನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿ. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಚಿತ್ರ ಕುಗ್ಗುವುದಿಲ್ಲ.

ಅದಕ್ಕಿಂತ ಮುಖ್ಯ, ಎಲ್ಲವನ್ನೂ ತಿದ್ದಲು ಹೋಗಬಾರದು. ಥೇಲ್ಸನ ಪ್ರಮೇಯವನ್ನೇ ತೆಗೆದುಕೊಳ್ಳಿ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎಂಬುದನ್ನು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಸುತ್ತೇವೆ. ಫೋಟೊದಲ್ಲಿ ಬರುವ ಉತ್ತರ ಬಹುಪಾಲು ಅಚ್ಚುಕಟ್ಟಾಗಿಯೇ ಇರುತ್ತದೆ, ಗೈಡಿನಿಂದಲೋ ಗೆಳೆಯನ ಫೋಟೊದಿಂದಲೋ ನಕಲಾಗಿರುತ್ತದೆ. ಮಗುವಿಗೆ ಅರ್ಥವಾಗಿದೆಯೇ ಎಂದು ತಿಳಿಯುವುದು ಒಂದೇ ಸಾಲಿನಲ್ಲಿ: ರಚನೆಯಲ್ಲಿ ಸಿಕ್ಕ ಆ ಎರಡು ಚಿಕ್ಕ ತ್ರಿಭುಜಗಳ ವಿಸ್ತೀರ್ಣ ಯಾಕೆ ಸಮ? ಅವು ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇರುವುದರಿಂದ. ಈ ಕಾರಣ ತೋಚದ ಮಗುವಿಗೆ ಉಳಿದದ್ದೆಲ್ಲ ಬಾಯಿಪಾಠ. ತರಗತಿಯಲ್ಲಾದರೆ ಆ ಸಾಲಿನ ಹತ್ತಿರ ಪೆನ್ನು ನಿಲ್ಲುತ್ತದೆ, ಮೇಷ್ಟ್ರು ನೋಡುತ್ತಾರೆ. ಫೋಟೊದಲ್ಲಿ ಪೆನ್ನು ನಿಂತದ್ದು ಕಾಣುವುದಿಲ್ಲ.

ಅದಕ್ಕೆ ಅನುಭವಿ ಗಣಿತ ಶಿಕ್ಷಕರು ಕಂಡುಕೊಂಡ ದಾರಿ ಹೀಗಿತ್ತು. ಪೂರ್ತಿ ಪ್ರಮೇಯ ಬರೆಸುವ ಬದಲು ಆ ಒಂದು ಹೆಜ್ಜೆಯ ಕಾರಣವನ್ನು ಮಗು ತನ್ನ ಮಾತಲ್ಲಿ ಹೇಳಿ ಮೂವತ್ತು ಸೆಕೆಂಡಿನ ಧ್ವನಿ ಸಂದೇಶ ಕಳಿಸಬೇಕು. ಅರವತ್ತು ಮಕ್ಕಳಾದರೂ ಕೇಳಿ ಮುಗಿಸಲು ಅರ್ಧ ಗಂಟೆ ಸಾಕು. ಧ್ವನಿಯಲ್ಲಿ ನಕಲು ಅಷ್ಟು ಸುಲಭವಲ್ಲ, ತಡವರಿಸಿದರೆ ತಕ್ಷಣ ಗೊತ್ತಾಗುತ್ತದೆ. ತಡವರಿಸಿದ ಹತ್ತು ಮಂದಿಯನ್ನಷ್ಟೇ ಸಂಜೆ ಗ್ರೂಪ್ ಕಾಲ್‌ಗೆ ಕರೆದು ಮತ್ತೆ ಹೇಳಿಕೊಟ್ಟರೆ ಆಯಿತು. ಮರಳುವ ದಾರಿ ಕಟ್ಟುವುದು ಎಂದರೆ ಇದು.

ನೇರ ತರಗತಿಯನ್ನೂ ಇದಕ್ಕೇ ಮೀಸಲಿಟ್ಟರೆ ಲಾಭ. 2020ರ ಮೇನಲ್ಲಿ ಗೂಗಲ್ ಮೀಟ್ ಎಲ್ಲರಿಗೂ ಉಚಿತವಾಯಿತು, ನೂರು ಜನ ಸೇರಬಹುದಿತ್ತು. ಝೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತಿತ್ತು. ಆದರೆ ನೂರು ಜನರ ಸಭೆಯಲ್ಲಿ ಶಿಕ್ಷಕರಿಗೆ ಕಾಣುವುದು ಕ್ಯಾಮೆರಾ ಮುಚ್ಚಿದ ಕಪ್ಪು ಚೌಕಗಳು. ಡೇಟಾ ಉಳಿಸಲು ಮಕ್ಕಳು ಕ್ಯಾಮೆರಾ ಆಫ್ ಮಾಡಲೇಬೇಕು, ಅದು ಅವರ ತಪ್ಪಲ್ಲ. ಹಾಜರಿ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಗು ಕೇಳುತ್ತಿದೆ ಎಂದಲ್ಲ. ‘ಸೇರಿದ್ದು’, ‘ಉತ್ತರಿಸಿದ್ದು’, ‘ಬರೆದು ಕಳಿಸಿದ್ದು’ ಎಂದು ಮೂರು ಕಾಲಂ ಮಾಡಿದ ರಿಜಿಸ್ಟರ್ ಮಾತ್ರ ನಿಜ ಹೇಳುತ್ತಿತ್ತು. ಮೂರನೇ ಕಾಲಂ ಎರಡು ವಾರ ಖಾಲಿಯಿದ್ದ ಮಗುವಿನ ಮನೆಗೆ ಹೋಗಲೇಬೇಕು. ಅಂಥ ಕೆಲವು ಮಕ್ಕಳು ಕೂಲಿಗೆ ಹೋಗುತ್ತಿದ್ದರು. ಕೆಲವು ಹೆಣ್ಣುಮಕ್ಕಳ ಮದುವೆಯ ಮಾತುಕತೆಯೇ ನಡೆದಿರುತ್ತಿತ್ತು.

ವಿಜ್ಞಾನದ ಪ್ರಯೋಗಗಳಲ್ಲಿ ಕೆಲವನ್ನು ಅಡುಗೆಮನೆಗೆ ತಂದದ್ದು ಒಳ್ಳೆಯ ಕೆಲಸ. ಬಿಳಿ ಬಟ್ಟೆಗೆ ಅರಿಶಿನದ ನೀರು ಹಚ್ಚಿ ಒಣಗಿಸಿ, ಅದರ ಮೇಲೆ ಸೋಪು ಉಜ್ಜಿದರೆ ಕಂದುಗೆಂಪು, ನಿಂಬೆರಸ ಹಾಕಿದರೆ ಮತ್ತೆ ಹಳದಿ. ಆದರೆ ಓಮ್‌ನ ನಿಯಮವನ್ನು ಮನೆಯಲ್ಲಿ ಮಾಡಿಸಲಾಗದು, ಆಮ್ಲದ ಪ್ರಯೋಗ ಮಾಡಿಸಲೂಬಾರದು. ಅವು ಶಾಲೆ ತೆರೆಯುವವರೆಗೆ ಕಾಯಬೇಕಾಯಿತು.

ಪರೀಕ್ಷೆ, ಆಮೇಲೆ

2020–21ರಲ್ಲಿ ಹತ್ತನೇ ತರಗತಿಯ ಪಠ್ಯದಲ್ಲಿ ಶೇ 30ರಷ್ಟು ಕಡಿತವಾಯಿತು. ಎರಡನೇ ಅಲೆ ಬಂದು ಜೂನ್‌ನ ಪರೀಕ್ಷೆ ಮುಂದೆ ಹೋಯಿತು. 2021ರ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು. ಒಂದು ದಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಇನ್ನೊಂದು ದಿನ ಮೂರು ಭಾಷೆ. ವಿಷಯಕ್ಕೆ 40ರಂತೆ ದಿನಕ್ಕೆ 120 ಬಹು ಆಯ್ಕೆ ಪ್ರಶ್ನೆ, ಮೂರು ಗಂಟೆ, ಉತ್ತರ ದುಂಡು ಗುಂಡಿಗಳನ್ನು ಪೆನ್ನಿನಿಂದ ತುಂಬುವ ಓಎಂಆರ್ ಹಾಳೆಯಲ್ಲಿ. ಪರೀಕ್ಷೆ ಬರೆದವರನ್ನು ಅನುತ್ತೀರ್ಣಗೊಳಿಸುವುದಿಲ್ಲ ಎಂದು ಮೊದಲೇ ಹೇಳಲಾಗಿತ್ತು. ಸೋಂಕಿನ ನಡುವೆ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಆರು ದಿನದ ಬದಲು ಎರಡೇ ದಿನ ಹೊರಗೆ ತರುವುದು ಸರಿಯಾದ ನಿರ್ಧಾರವೇ. ಆದರೆ ಗುಂಡಿ ತುಂಬುವ ಪರೀಕ್ಷೆ ಪ್ರಮೇಯದ ಆ ಒಂದು ಸಾಲನ್ನು ಕೇಳುವುದಿಲ್ಲ.

2021ರ ಆಗಸ್ಟ್ 23ರಂದು ಒಂಬತ್ತು, ಹತ್ತನೇ ತರಗತಿಗಳು ತೆರೆದಾಗ ಎರಡು ಕೊರತೆ ಎದ್ದು ಕಂಡವು. ಒಂದು, ಬರೆಯುವ ಕೈ ನಿಂತುಹೋಗಿತ್ತು. ಅರ್ಧ ಗಂಟೆ ಬರೆದರೆ ಬೆರಳು ನೋವು, ಸಾಲು ಓರೆ, ಒತ್ತಕ್ಷರ ಮಾಯ. 2022ರ ಮಾರ್ಚ್ 28ಕ್ಕೆ ವಿವರಣಾತ್ಮಕ ಪರೀಕ್ಷೆ ಮರಳಿ ಬರಲಿದ್ದುದರಿಂದ ಇದು ಸಣ್ಣ ವಿಷಯವಾಗಿರಲಿಲ್ಲ. ದಿನಕ್ಕೆ ಒಂದು ಪುಟ ಉಕ್ತಲೇಖನದಿಂದ ಶುರು ಮಾಡಿ, ತಿಂಗಳಿಗೆ ಅರ್ಧ ಗಂಟೆಯಂತೆ ಬರೆಯುವ ಅವಧಿ ಹೆಚ್ಚಿಸಿದ ಶಾಲೆಗಳಲ್ಲಿ ಕೈ ಮತ್ತೆ ಸರಿಹೋಯಿತು.

ಎರಡನೆಯದು ಹಿಂದಿನ ವರ್ಷದ ಕಂದಕ. ಸಮಾಂತರ ರೇಖೆಗಳ ನಡುವಿನ ತ್ರಿಭುಜಗಳ ವಿಸ್ತೀರ್ಣ ಒಂಬತ್ತನೇ ತರಗತಿಯ ಪಾಠವಾಗಿತ್ತು. ಅದನ್ನು ಫೋನಿನಲ್ಲಿ ಅರೆಬರೆ ಕೇಳಿದವರಿಗೆ ಹತ್ತರ ಥೇಲ್ಸ್ ಪ್ರಮೇಯ ಅಲ್ಲೇ ನಿಲ್ಲುತ್ತದೆ. ಇದನ್ನು ಅಂಕಪಟ್ಟಿ ತೋರಿಸುವುದಿಲ್ಲ, ಸೇತುಬಂಧದ ಪೂರ್ವ ಪರೀಕ್ಷೆ ತೋರಿಸುತ್ತದೆ. ಆ ಪರೀಕ್ಷೆಯ ಉತ್ತರಗಳನ್ನು ಅಂಕದ ಬದಲು ಹೆಜ್ಜೆಗಳ ಪ್ರಕಾರ ವಿಂಗಡಿಸಿದಾಗ, ಯಾವ ಮಗು ಎಷ್ಟನೇ ತರಗತಿಯ ಯಾವ ಅಧ್ಯಾಯಕ್ಕೆ ಹಿಂದೆ ಹೋಗಬೇಕು ಎಂಬ ಪಟ್ಟಿ ಸಿಗುತ್ತದೆ. 2022ರ ಮೇ 16ರಂದು ಶಾಲೆಗಳು ಎಂದಿಗಿಂತ ಎರಡು ವಾರ ಮೊದಲೇ ತೆರೆದು ‘ಕಲಿಕಾ ಚೇತರಿಕೆ’ ಶುರು ಮಾಡಿದ್ದು ಈ ಕೆಲಸಕ್ಕೇ. ಒಂದರಿಂದ ಒಂಬತ್ತನೇ ತರಗತಿಯವರೆಗೆ ಮಕ್ಕಳ ಕೈಗೆ ಕಲಿಕಾ ಹಾಳೆಗಳು ಬಂದವು, ಅವುಗಳ ಮೇಲೆ ಮೇಷ್ಟ್ರ ಕೆಂಪು ಶಾಯಿ ಮತ್ತೆ ಕಾಣಿಸಿಕೊಂಡಿತು.